ದಾಕ್ಷಾಯಣಿಯವರ ಅಜ್ಜಂದಿರು

ದಾಕ್ಷಾಯಣಿಯವರು ಒಬ್ಬರೇ ನಡೆಯುವಾಗಲೂ ಅವರ ಎಡಗೈ ಮಾತ್ರ ಒಂಟಿಯಾಗಿರುವುದಿಲ್ಲ. ಬೆರಳುಗಳು ಅರೆ ಮಡಚಿ, ಮೈಯಿಂದ ತುಸು ಸರಿದು, ಯಾರದೋ ಪುಟ್ಟ ಅಂಗೈಯನ್ನು ಹಿಡಿದಂತೆಯೇ ಇರುತ್ತವೆ. ತಿರುವನಂತಪುರದ ಪಟ್ಟಂನಲ್ಲಿ ಕಚೇರಿ ಬಿಟ್ಟ ಗುಂಪಿನೊಳಗೆ ನಾನು ಅವರನ್ನು ಗುರುತಿಸುತ್ತಿದ್ದುದು ಆ ಕೈಯಿಂದಲೇ. ಮಗಳು ಇಂಚರಾ ಅದರಿಂದ ತನ್ನ ಕೈ ಬಿಡಿಸಿಕೊಂಡು ವರ್ಷಗಳೇ ಸಂದವು. ಈಗ ಕೊಚ್ಚಿಯಲ್ಲಿ ಕಾಲೇಜು ಓದುತ್ತಾಳೆ. ಕೈಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಕಾಸರಗೋಡಿನಲ್ಲಿ ಹುಟ್ಟಿ, ಕೇಂದ್ರ ಸರ್ಕಾರದ ನೌಕರಿ ಹಿಡಿದು ದಕ್ಷಿಣಕ್ಕೆ ಬಂದ ಈ ಕತೆಗಾರ್ತಿಯನ್ನು ಓದುಗರು ಬಲ್ಲದ್ದು ಅಜ್ಜಂದಿರ ಕತೆಗಳಿಂದ. ಜಾತ್ರೆಯಲ್ಲಿ ದಾರಿ ತಪ್ಪಿದ ಅಜ್ಜ, ಜ್ವರದಲ್ಲಿ ಕನವರಿಸುವ ಅಜ್ಜ, ಬಾವಿಕಟ್ಟೆಯಿಂದ ಬಗ್ಗಿ ನೋಡುವ ಅಜ್ಜ. ವೃದ್ಧಾಪ್ಯದ ಅಂತರಂಗವನ್ನು ಇಷ್ಟು ಆರ್ದ್ರವಾಗಿ ಕಂಡವರಿಲ್ಲವೆಂದು ವಿಮರ್ಶಕರು ಕೊಂಡಾಡಿದರು. ಆ ಅಜ್ಜಂದಿರು ಕತ್ತಲಾದೊಡನೆ ಸೆರಗು ಹುಡುಕುವುದೇಕೆ, ಜೇಬಿನಲ್ಲಿ ಹುಣಸೆಬೀಜ ತುಂಬಿಕೊಳ್ಳುವುದೇಕೆ ಎಂದು ಮಾತ್ರ ಆ ಪಂಡಿತರು ಕೇಳಲಿಲ್ಲ. ತಡೆಯಲಾರದೆ ಒಮ್ಮೆ ನಾನು ಕೇಳಿದೆ.

"ಅವರೆಲ್ಲ ಮಕ್ಕಳೇ ಮಾರಾಯ್ರೆ," ಎಂದರು, ಅತ್ತಿತ್ತ ನೋಡಿ. "ನಾನು ಅಜ್ಜನ ವೇಷ ಹಾಕಿಸಿದ್ದು."

ಇಂಚರಾ ತೊದಲು ನುಡಿಯುತ್ತಿದ್ದ ಕಾಲಕ್ಕೆ ಅವರೊಂದು ಕತೆ ಬರೆದರಂತೆ. ಅದರಲ್ಲೊಂದು ಮಗುವಿಗೆ ಜ್ವರವೇರಿ ಕಣ್ಣು ಮೇಲಾಗುತ್ತದೆ. ಆ ವಾರವೇ ಇಂಚರಾಳಿಗೂ ಹಾಗೆಯೇ ಆಯಿತು. ಆಸ್ಪತ್ರೆಯ ಜಗಲಿಯಲ್ಲಿ ಅವರ ತಾಯಿ ಸೀತಮ್ಮ ಒಂದೇ ಮಾತು ಹೇಳಿದರು: "ಮೂರ್ಸಂಜೆಗೆ ಕೂತು ಕೆಟ್ಟದ್ದು ಬರೆದಿಯಲ್ಲ! ಮೇಲೆ ಅಸ್ತು ದೇವತೆಗಳು ತಿರುಗ್ತಾ ಇರ್ತಾರೆ, ಗೊತ್ತಿಲ್ವಾ?"

ಮಗು ಉಳಿಯಿತು, ಭಯವೂ ಉಳಿಯಿತು. ಅಂದಿನಿಂದ ಅವರು ದೀಪ ಹಚ್ಚುವ ಹೊತ್ತಿಗೆ ಪೆನ್ನಿನ ಮುಚ್ಚಳ ಹಾಕಿಬಿಡುತ್ತಾರೆ. ಕತೆಯಲ್ಲಿ ಆಪತ್ತು ಬರುವ ಕಡೆ ಮಗುವನ್ನು ಮೆಲ್ಲನೆ ಎತ್ತಿಕೊಂಡು, ಆ ಜಾಗದಲ್ಲಿ ಒಬ್ಬ ಅಜ್ಜನನ್ನು ಕೂರಿಸುತ್ತಾರೆ. ವಯಸ್ಸಾದವರಿಗೆ ಏನಾದರೂ ಆದರೆ ದೇವತೆಗಳ ತಪ್ಪೂ ಇಲ್ಲ, ತಮ್ಮ ತಪ್ಪೂ ಇಲ್ಲ ಎಂಬುದು ಅವರ ಲೆಕ್ಕ.

ಬ್ಯಾಂಕಿನವರು ನನ್ನನ್ನು ಕೊಚ್ಚಿಗೆ ವರ್ಗ ಮಾಡಿದ ಮೇಲೆ, ಒಂದು ಬೆಳಿಗ್ಗೆ ವೈಟ್ಟಿಲದ ದೋಣಿಕಟ್ಟೆಯಲ್ಲಿ ಅವರು ಕಂಡರು. ಇಂಚರಾಳನ್ನು ಕಾಲೇಜಿಗೆ ಬಿಡಲು ಬಂದಿದ್ದರು; ಅವಳು ಗೆಳತಿಯರೊಡನೆ ದೋಣಿಗೆ ಕಾಯುತ್ತಿದ್ದಳು. ವಲ್ಲಾರ್ಪಾಡಂ ಬಂದರಿನ ಹಡಗುಗಳನ್ನು ನೋಡಲು ದೋಣಿಯಂಚಿಗೆ ಬಗ್ಗಿದ ಅಜ್ಜನೊಬ್ಬ ನೀರುಪಾಲಾಗುವ ಅವರ ಕತೆ ಆಗಷ್ಟೇ ಅಚ್ಚಾಗಿತ್ತು. ಇಂಚರಾಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ರಜೆಗೆ ಮನೆಗೆ ಬಂದವಳಿಗೆ ತಾಯಿಯೇ ಓದಿ ಹೇಳಿದ್ದರು. ಅವಳು ನಕ್ಕು, ಈ ಅಜ್ಜ ನಾನೇ ಅಲ್ಲವೇ ಎಂದು ಮಲಯಾಳದಲ್ಲಿ ಕೇಳಿಬಿಟ್ಟಳಂತೆ: "ಅಮ್ಮೇ, ಈ ಅಪ್ಪೂಪ್ಪನ್ ಞಾನಲ್ಲೇ?"

"ಮಗುವಿಗೇ ಗುರುತು ಸಿಕ್ಕಿತು," ಎಂದರು ದಾಕ್ಷಾಯಣಿ. "ಇನ್ನು ಮೇಲಿನವರಿಗೆ ಸಿಗದೆ ಇರ್ತದಾ? ಇವಳು ದಿನಾ ಕಾಲೇಜಿಗೆ ಹೋಗುವುದು ದೋಣಿಯಲ್ಲೇ. ನನಗೆ ಹೆದರಿಕೆ ಆಗ್ತದೆ."

ಇಂಥ ನಂಬಿಕೆಗಳನ್ನು ಕಂಡರೆ ನಗುವವನು ನಾನು. ಅಂದು ನಗು ಬರಲಿಲ್ಲ; ನನಗೂ ಭಯವಾಯಿತು, ಯಾಕೋ ಆಕಾಶ ನೋಡಿದೆ. ದೋಣಿ ಬಂತು. ಇಂಚರಾ ಹತ್ತಿ, ಹಿಂದಿರುಗಿ ತಾಯಿಯ ಆ ಅರೆಮಡಚಿದ ಕೈಯನ್ನು ನೋಡಿದಳು. ಗೆಳತಿಯರು ನೋಡುತ್ತಿದ್ದರೂ ತನ್ನ ಕೈಯನ್ನು ಅದರೊಳಗಿಟ್ಟು, "ವಾ ಅಮ್ಮೇ," ಎಂದು ಒಳಗೆ ಕರೆದುಕೊಂಡಳು. ಆಚೆ ದಡ ಮುಟ್ಟುವವರೆಗೂ ಅವರು ಅದನ್ನು ಬಿಟ್ಟಿರಲಾರರು.

ಬರೆಯುವವರೆಲ್ಲರಿಗೂ ತಾವು ಬರೆದದ್ದು ನಿಜವೆನಿಸಬೇಕೆಂಬ ಆಸೆ. ತಾಯಿಯಾದ ಕತೆಗಾರ್ತಿಗೂ ಅದೇ ಆಸೆ. ಆದರೆ ಪ್ರತಿ ಸಾಲು ಮುಗಿದಾಗಲೂ ಅವಳು ಕೈಮುಗಿದು ಬೇಡಿಕೊಳ್ಳುವುದು, ದೇವರೇ, ಇದು ಸುಳ್ಳಾಗಿಯೇ ಉಳಿಯಲಿ ಎಂದು.