ತಲೆ ಆಡಿಸಿದ್ದು

ನನ್ನ ಕಾಲಿನ ಅಳತೆ ಒಂಬತ್ತು. ಆದರೂ ಒಂದಿಡೀ ವರ್ಷ ಎಂಟರ ಬೂಟು ಹಾಕಿಕೊಂಡು ಓಡಾಡಿದ್ದೇನೆ. ಅಂಗಡಿಯವನು ಕೇಳಿದಾಗ ಒಂಬತ್ತು ಅನ್ನುವ ಮಾತು ಗಂಟಲು ದಾಟಲಿಲ್ಲ. ಅವನೇ "ಎಂಟಾ ಸಾರ್?" ಅಂದ, ನಾನು ತಲೆ ಆಡಿಸಿದೆ. ಕ್ಷೌರದಂಗಡಿಯಲ್ಲಿ ಹೀಗೆಯೇ ಒಮ್ಮೆ ಮೀಸೆ ಹೋಯಿತು. "ತೆಗೆದುಬಿಡ್ಲಾ?" ಅಂದವನಿಗೆ ಬೇಡ ಅನ್ನಲು ಹೋಗಿ ತುಟಿ ಬಿಗಿಹಿಡಿದು ಕೂತೆ. ಅವನು ಪಾಪ, ನಾನು ಕತ್ತಿಗೆ ಅನುಕೂಲ ಮಾಡಿಕೊಡುತ್ತಿದ್ದೇನೆ ಅಂದುಕೊಂಡ. ಉಗ್ಗುವವರ ಹಣೆಬರಹವೇ ಇಷ್ಟು. ನಮ್ಮ ಮಾತನ್ನು ಬೇರೆಯವರು ಮುಗಿಸುತ್ತಾರೆ, ಅವರು ಮುಗಿಸಿದ್ದನ್ನು ಹೊತ್ತುಕೊಂಡು ನಾವು ಮನೆಗೆ ಬರುತ್ತೇವೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಗಾದೆ ಕಟ್ಟಿದವನಿಗೆ ಉಗ್ಗು ಇರಲಿಲ್ಲ.

ಐವತ್ತರ ಹತ್ತಿರ ಬಂದಿದ್ದೇನೆ, ಉಪಾಯಗಳಿಗೇನೂ ಬರವಿಲ್ಲ. ಫೋನು ಬಡಿದುಕೊಂಡರೆ ನನಗೆ ಬಾತ್‌ರೂಮಿನಲ್ಲಿ ಕೆಲಸ ಬರುತ್ತದೆ, ಹೆಂಡತಿ ಎತ್ತುತ್ತಾಳೆ. ಕಷ್ಟದ ಪದ ಎದುರಾದರೆ, ಬೇಡದ ನೆಂಟನನ್ನು ರಸ್ತೆಯಲ್ಲಿ ಕಂಡವನ ಹಾಗೆ ಪಕ್ಕದ ಓಣಿ ಹಿಡಿಯುತ್ತೇನೆ. 'ಪೆನ್ನು ಕೊಡಿ' ಅನ್ನುವುದಿಲ್ಲ, 'ಏನೋ ಬರೀಬೇಕಿತ್ತು' ಅನ್ನುತ್ತೇನೆ. ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನ ಅಡ್ಡಹೆಸರು ಟೆಲಿಗ್ರಾಂ. ಟಕಟಕ ಸದ್ದು ಜಾಸ್ತಿ, ಸುದ್ದಿ ನಾಲ್ಕೇ ಪದ.

ಅಲ್ಲಿಯ ಫೋರ್‌ಮನ್ ಹನ್ನೊಂದು ವರ್ಷ ನನ್ನ ಬಾಯಿಯಾಗಿದ್ದ. ಮ್ಯಾನೇಜರ್ ನನ್ನನ್ನು ಏನಾದರೂ ಕೇಳಿದರೆ ಸಾಕು, "ಅವನು ಹೇಳೋದೇನಂದ್ರೆ ಸಾರ್" ಅಂತ ತಾನೇ ಶುರು ಮಾಡುತ್ತಿದ್ದ. ಹತ್ತರಲ್ಲಿ ಎಂಟು ಸಲ ಸರಿಯಾಗಿಯೇ ಹೇಳುತ್ತಿದ್ದ. ಉಳಿದ ಎರಡಕ್ಕೂ ನಾನು ತಲೆ ಆಡಿಸುತ್ತಿದ್ದೆ. ಅದನ್ನು ಉಪಕಾರವೆಂದೇ ತಿಳಿದಿದ್ದೆ, ಮುಠ್ಠಾಳ.

ನನ್ನ ಹೆಂಡತಿಯ ತಮ್ಮನನ್ನು ಅದೇ ಪ್ರೆಸ್ಸಿಗೆ ಸೇರಿಸಿದ್ದು ನಾನು. ಕಾಗದ ಕತ್ತರಿಸುವ ಮಿಷನ್ ಅವನದು. ಆ ಮಿಷನ್ನಿಗೆ ಎಡಗಡೆ ಒಂದು, ಬಲಗಡೆ ಒಂದು ಬಟನ್. ಎರಡನ್ನೂ ಎರಡು ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಕೈ ಬ್ಲೇಡಿನ ಕೆಳಗೆ ಇರಬಾರದೆಂದೇ ಮಾಡಿದ ಏರ್ಪಾಟು. ಒಂದು ದಿನ ಕೆಲಸದ ಒತ್ತಡ ಹೆಚ್ಚಿದಾಗ ಫೋರ್‌ಮನ್ ಒಂದು ಮರದ ಚೂರು ತಂದು ಭಾಮೈದನ ಮುಂದೆ ಹಿಡಿದ.

"ಎಡಗಡೆ ಬಟನ್‌ಗೆ ಇದನ್ನ ಸಿಗಿಸು. ಒಂದು ಕೈಲಿ ಒತ್ತು, ಇನ್ನೊಂದ್ರಲ್ಲಿ ಕಾಗದ ಸರಿಮಾಡ್ತಾ ಹೋಗು. ಬೇಗ ಆಗತ್ತೆ."

"ಬೇಡ ಸಾರ್, ಕೈ ಹೋದ್ರೆ?"

"ಆಗಲ್ಲ ಅಂದ್ರೆ ಹೇಳಿಬಿಡು, ಬೇರೆಯವ್ರನ್ನ ನೋಡ್ಕೊತೀನಿ."

ಎರಡು ಮಕ್ಕಳ ತಂದೆ, ಏನು ಮಾಡಿಯಾನು? ಚೂರನ್ನು ತನ್ನ ಕೈಯಿಂದಲೇ ಬಡಿದು ಕೂರಿಸಿದ. ಪಕ್ಕದ ಮೇಜಿನಲ್ಲಿ ಹಾಳೆ ಮಡಿಚುತ್ತಿದ್ದ ನಾನೊಬ್ಬನೇ ಇದನ್ನು ಕೇಳಿಸಿಕೊಂಡವನು. ಒಂಬತ್ತನೇ ದಿನ ಅವನ ಎಡಗೈಯ ಮೂರು ಬೆರಳು ಹೋದವು.

ಚೂರಿನ ವಿಷಯ ತನಗೆ ಗೊತ್ತೇ ಇರಲಿಲ್ಲ ಎಂದು ಫೋರ್‌ಮನ್ ಹೇಳಿಬಿಟ್ಟ. ವಿಚಾರಣೆ ಇಟ್ಟರು. ತಪ್ಪು ಭಾಮೈದನದೇ ಎಂದಾದರೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ಸಾಕ್ಷಿ ನಾನೊಬ್ಬನೇ.

"ರೀ, ಒಂದು ಹಾಳೇಲಿ ಬರ್ಕೊಂಡು ಹೋಗಿ," ಅಂದಳು ಹೆಂಡತಿ. "ಅವ್ರ ಕೈಗೆ ಕೊಟ್ಟು ಬಂದ್ರಾಯ್ತು."

ನನಗೆ ಸಿಟ್ಟು ನೆತ್ತಿಗೇರಿತು. "ನಾ... ನಾನು ಉಗ್ಗ ಕಣೇ, ಮೂ... ಮೂಗ ಅಲ್ಲ!" ಅಂದೆ. ಜನ್ಮದಲ್ಲಿ ಒಂದು ಸಲವಾದರೂ ಬಾಯಿಬಿಟ್ಟು ಹೇಳಿಯೇ ತೀರುತ್ತೇನೆಂಬ ಹಟ. ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಹೇಳಬೇಕಾದದ್ದು ಐದೇ ಪದ: 'ಫೋರ್‌ಮನ್ ಹೇಳಿದ್ದಕ್ಕೇ ಅವನು ಅದನ್ನ ಸಿಗಿಸಿದ.' ಮೂರು ದಿನ ಬಾತ್‌ರೂಮಿನ ನಲ್ಲಿಯ ಮುಂದೆ ನಿಂತು ಹೇಳಿದೆ. ನಲ್ಲಿಯ ಮುಂದೆ ನಾನು ಭಾರಿ ಭಾಷಣಕಾರ, ಒಂದು ಸಲವೂ ತಡೆಯಲಿಲ್ಲ.

ಮ್ಯಾನೇಜರ್ ಕೋಣೆಯಲ್ಲಿ ಮುಖ್ಯ ಕಚೇರಿಯಿಂದ ಬಂದ ಮೇಡಂ ಕೂತಿದ್ದರು. ಪಕ್ಕದಲ್ಲಿ ಟೈಪ್ ಮಾಡುವವನು. ಕಿಟಕಿಯ ಹತ್ತಿರ, ನಮ್ಮ ವಿಭಾಗದ ಮೇಲಿನವನೆಂದು, ಫೋರ್‌ಮನ್ನೂ ಇದ್ದ. ಮೇಡಂ ಒಳ್ಳೆಯವರು. "ನಿಧಾನಕ್ಕೆ ಹೇಳಿ, ಸಂಜೆವರೆಗೂ ನನಗೆ ಬೇರೆ ಕೆಲಸ ಇಲ್ಲ," ಅಂದರು.

ಬಾಯಿ ತೆರೆದೆ. ಕೆಳತುಟಿ ಹಲ್ಲಿಗೆ ಕಚ್ಚಿಕೊಂಡಿತು. 'ಫೋ' ಅನ್ನುವುದು ಅಲ್ಲೇ ನಿಂತಿತು. ಎಂದಿನಂತೆ ಓಣಿ ಹಿಡಿದೆ. "ಅವರು... ಅವರು ಹೇಳಿದ್ರು," ಅಂದೆ.

"ಯಾರು?" ಅಂತ ಮೇಡಂ ಕೇಳಿದರು. ಕೇಳಲೇಬೇಕಲ್ಲ. ಓಣಿ ಸುತ್ತಿ ಬಂದರೆ ಮತ್ತೆ ಅದೇ ಪದ ಎದುರಿಗೆ ನಿಂತಿತ್ತು.

ಆಮೇಲೆ ಏನೂ ಬರಲಿಲ್ಲ. ಕತ್ತು ಸೆಟೆಯಿತು, ಕಣ್ಣು ಮುಚ್ಚಿತು, ಎಂಜಲು ಮೇಜಿನ ಮೇಲೆ ಬಿತ್ತು. ಟೈಪಿನವನು ತಲೆ ತಗ್ಗಿಸಿದ. ಮೇಡಂ ಮಾತ್ರ ನನ್ನನ್ನೇ ನೋಡುತ್ತಾ ಕಾದರು. ಜನ ನಗುವುದನ್ನು ನಾನು ತಡೆದುಕೊಂಡೇನು, ಹಾಗೆ ಕಾಯುವುದನ್ನು ತಡೆದುಕೊಳ್ಳಲಾರೆ. ಬೆರಳು ಮಾಡಿ ತೋರಿಸಬಹುದಿತ್ತಲ್ಲ ಅನ್ನುತ್ತೀರಿ. ನಿಜ, ತೋರಿಸಬಹುದಿತ್ತು.

"ಪಾಪ, ಯಾಕೆ ಮೇಡಂ ಹಿಂಸೆ," ಅಂದ ಫೋರ್‌ಮನ್. "ಅವನು ಹೇಳೋದೇನಂದ್ರೆ, ಅವಸರಕ್ಕೆ ಅವ್ನ ಭಾಮೈದನೇ ಸಿಗಿಸ್ಕೊಂಡ ಅಂತ."

"ನೀವು ಸುಮ್ನಿರಿ. ಅವ್ರೇ ಹೇಳ್ಲಿ," ಅಂದು ಮೇಡಂ ನನ್ನ ಕಡೆ ತಿರುಗಿದರು. "ಇವ್ರು ಹೇಳಿದ್ದು ನಿಜಾನಾ? ಅಲ್ಲ ಅಂದ್ರೆ ಅಲ್ಲ ಅನ್ನಿ. ನಾನು ಕಾಯ್ತೀನಿ."

ನಾನು ತಲೆ ಆಡಿಸಿದೆ. ಹೌದು ಅನ್ನುವಂತೆ.

ಅಲ್ಲ ಅನ್ನುವುದು ನನಗೆ ಕಷ್ಟದ ಪದವಲ್ಲ. ಆದರೆ ಅಲ್ಲ ಅಂದಮೇಲೆ ಉಳಿದದ್ದನ್ನೂ ಹೇಳಬೇಕಿತ್ತು. ಆ ಹೊತ್ತು ನನಗೆ ದುಃಖವಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಹಾಯ್ ಅನ್ನಿಸಿತು. ಟೈಪ್ ಮಾಡಿದ್ದನ್ನು ಓದಿ ಹೇಳಿದರು, ಸಹಿ ಹಾಕಿದೆ.

ಮನೆಗೆ ಬಂದಾಗ ಹೆಂಡತಿ, "ಹೇಳಿದ್ರಾ?" ಅಂದಳು. ಅದಕ್ಕೂ ತಲೆ ಆಡಿಸಿದೆ. ಅವಳು ಕಣ್ಣೊರೆಸಿಕೊಂಡು, ಬಿಸಿಬಿಸಿ ಚಹಾ ತಂದು ಕೈಗಿಟ್ಟಳು.

ಎರಡು ವಾರದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಭಾಮೈದ ಬಂದ. ಕೈಯಲ್ಲಿ ಅವನನ್ನು ಕೆಲಸದಿಂದ ತೆಗೆದ ಕಾಗದ, ಅದರ ಹಿಂದೆ ನನ್ನ ಹೇಳಿಕೆಯ ಜೆರಾಕ್ಸ್. ಕೂತುಕೋ ಅಂದರೂ ಕೂರಲಿಲ್ಲ.

"ಭಾವ, ಇದು ನೀವು ಹೇಳಿದ್ದಾ?"

ನಡೆದದ್ದನ್ನೆಲ್ಲ ಹೇಳಲು ಶುರು ಮಾಡಿದೆ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅವನು ಯಾವತ್ತೂ ನನ್ನ ಮಾತನ್ನು ತಾನು ಮುಗಿಸಿದವನಲ್ಲ, ಅವತ್ತೂ ಮುಗಿಸಲಿಲ್ಲ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಆ ಮೇಡಂ ನಿಮ್ಮನ್ನ ಅವಸರ ಮಾಡಿದ್ರಾ, ಭಾವ?"

"ಇ... ಇಲ್ಲ."

"ಇನ್ನೂ ಸ್ವಲ್ಪ ಹೊತ್ತಾಗಿದ್ರೂ ಕಾಯ್ತಿದ್ರಾ?"

"ಕಾಯ್ತಿದ್ರು," ಅಂದೆ. ಎಲ್ಲೂ ತಡೆಯದೆ ಬಂತು.

ಅವನು ಕಾಗದಗಳನ್ನು ಮಡಿಚಲು ನೋಡಿದ. ಎರಡೇ ಬೆರಳಿನ ಎಡಗೈಯಲ್ಲಿ ಅವು ನಿಲ್ಲದೆ ಜಾರಿದವು. ಬಗ್ಗಿ ಎತ್ತಿಕೊಂಡ. ಹೆಂಡತಿ ಓಡಿ ಬಂದು ಕೈ ಚಾಚಿದಳು.

"ಬೇಡ ಅಕ್ಕ, ನಾನೇ ಮಾಡ್ಕೊತೀನಿ," ಅಂದ.

ಹಾಳೆಗಳನ್ನು ಎದೆಗೆ ಒತ್ತಿಹಿಡಿದು ಒಂದು ಮಡಿಕೆ ಹಾಕಿದ. ಅದು ಬಿಚ್ಚಿಕೊಂಡಿತು, ಮತ್ತೆ ಹಾಕಿದ. ಅವನು ಮುಗಿಸುವ ತನಕ ನಾವಿಬ್ಬರೂ ನಿಂತು ಕಾದೆವು.