ಎರಡು ನಳಿಗೆಗೆ ಒಂದು ಭುಜ

ಭಾವ ಕಲ್ಲುಗಣಿಯಿಂದ ತಂದುಕೊಟ್ಟ ಗುರಿಯ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಲ ನಳಿಗೆಯ ಗುಂಡು ಎಡಕ್ಕೆ ಹೋಗಿ ತೂತು ಮಾಡಿತ್ತು, ಎಡ ನಳಿಗೆಯದು ಬಲಕ್ಕೆ. ಎರಡೂ ದಾರಿಯಲ್ಲಿ ಒಂದನ್ನೊಂದು ದಾಟಿಕೊಂಡು ಹೋಗಿದ್ದವು. ಹಿಂದಿನ ದಿನದ ರಟ್ಟಿನಲ್ಲಿ ಇವೇ ತೂತುಗಳು ಮುನಿಸಿಕೊಂಡ ಓರಗಿತ್ತಿಯರ ಹಾಗೆ ಮುಖ ತಿರುಗಿಸಿ ದೂರ ದೂರ ಕೂತಿದ್ದವು. ಅದಕ್ಕೂ ಹಿಂದಿನ ದಿನ ಮತ್ತೆ ದಾಟಿದ್ದವು. ನಾನು ರಟ್ಟನ್ನು ಗೋಡೆಯ ಮೊಳೆಗೆ ಚುಚ್ಚಿದೆ. ಆ ಮೊಳೆಯಲ್ಲಿ ಇನ್ನು ಜಾಗ ಇರಲಿಲ್ಲ.

ಜೋಡು ನಳಿಗೆಯ ರೈಫಲ್ ಎಂದರೆ ಎರಡು ಕೊಳವೆಗಳನ್ನು ಅಕ್ಕಪಕ್ಕ ಅಂಟಿಸಿದರೆ ಆಯಿತು ಅಂತ ಗೊತ್ತಿಲ್ಲದವರು ತಿಳಿಯುತ್ತಾರೆ. ಬಲ ನಳಿಗೆ ಸಿಡಿದಾಗ ಕೋವಿ ಭುಜಕ್ಕೆ ಒದ್ದು ಮೇಲಕ್ಕೂ ಬಲಕ್ಕೂ ಹೊರಳುತ್ತದೆ, ಎಡದ್ದು ಸಿಡಿದಾಗ ಎಡಕ್ಕೆ. ಗುಂಡು ಇನ್ನೂ ನಳಿಗೆಯೊಳಗೆ ಓಡುತ್ತಿರುವಾಗಲೇ ಈ ಹೊರಳಾಟ ಶುರುವಾಗಿರುತ್ತದೆ. ಅದನ್ನು ಸರಿದೂಗಿಸಲು ನಳಿಗೆಗಳ ಬಾಯಿಗಳನ್ನು ಬುಡಕ್ಕಿಂತ ಒಂದಿಷ್ಟು ಹತ್ತಿರ ಸೇರಿಸಿ ಬೆಸೆಯಬೇಕು. ಎಷ್ಟು ಹತ್ತಿರ ಅನ್ನುವುದನ್ನು ಮೊದಲೇ ಹೇಳಿದವರನ್ನು ನಾನು ಕಂಡಿಲ್ಲ. ಬಾಯಿಗಳ ನಡುವೆ ಒಂದು ಸಣ್ಣ ಉಕ್ಕಿನ ಬೆಣೆ ಇರುತ್ತದೆ. ಹೊಡೆದು ನೋಡಬೇಕು, ಬೆಸುಗೆಯನ್ನು ಕಾಯಿಸಿ ಸಡಿಲಿಸಬೇಕು, ಬೆಣೆಯನ್ನು ಕೂದಲೆಳೆಯಷ್ಟು ಒಳಕ್ಕೆ ತಳ್ಳಬೇಕು ಇಲ್ಲವೇ ಹೊರಕ್ಕೆ ಎಳೆಯಬೇಕು, ಆರಿದ ಮೇಲೆ ಮತ್ತೆ ಹೊಡೆದು ನೋಡಬೇಕು. ತಳ್ಳಿದರೆ ಬಾಯಿಗಳು ಅಗಲುತ್ತವೆ, ಎಳೆದರೆ ಕೂಡುತ್ತವೆ. ಇಷ್ಟೇ ಕೆಲಸ. ಇಷ್ಟರಲ್ಲೇ ನನ್ನ ತಲೆ ನರೆತಿದೆ.

ಕಾಯಿಸುವುದು ನಾನು, ಹೊಡೆಯುವುದು ಭಾವ. ಅಂಗಡಿ ಭಾವನ ಅಪ್ಪನದು. ಅಕ್ಕನ ಮದುವೆಯಾದ ಮೇಲೆ ಅವರು ನನ್ನನ್ನು ಕರೆಸಿಕೊಂಡು ಬೆಸುಗೆ ಕಲಿಸಿದರು. ಆಗಲೇ ಒಂದು ಕಟ್ಟಳೆಯನ್ನೂ ಹಾಕಿದರು. ಹೊಡೆಯುವವನು ಬೆಸುಗೆಯ ಮೇಜಿನ ಹತ್ತಿರ ಬರಕೂಡದು, ಬೆಸೆಯುವವನು ಗಣಿಗೆ ಕಾಲಿಡಕೂಡದು. ಬೆಣೆ ಯಾವ ಕಡೆ ಸರಿದಿದೆ ಎಂದು ತಿಳಿದರೆ ಹೊಡೆಯುವವನ ಕೈ ತಾನೇ ಆ ಕಡೆ ವಾಲುತ್ತದೆ, ಹೊಡೆಯುವುದನ್ನು ಕಂಡರೆ ಬೆಸೆಯುವವನು ತನ್ನ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟುತ್ತಾನೆ ಅನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಓಡಾಡುವುದು ಕೋವಿ ಮತ್ತು ರಟ್ಟು ಮಾತ್ರ. ಅವರು ಹೋಗಿ ಎಷ್ಟೋ ಕಾಲವಾದರೂ ನಾವು ಅದನ್ನು ದಾಟಿರಲಿಲ್ಲ.

ಈ ಸಲದ ಕೋವಿ ರೇಂಜರ್ ಸಾಹೇಬರದು. ಗಾಯಗೊಂಡು ಪೊದೆ ಹೊಕ್ಕ ಪ್ರಾಣಿಯ ಹಿಂದೆ ಹೋಗುವುದು ಅವರ ಪಾಲಿನ ಕೆಲಸ. ಅಂಥ ಕಡೆ ಮೊದಲ ಗುಂಡು ತಪ್ಪಿದರೆ ಎರಡನೆಯದೇ ಗತಿ, ಮೂರನೆಯದಕ್ಕೆ ಹೊತ್ತು ಇರುವುದಿಲ್ಲ. ಅವರು ಬಂಡೆಯಿಂದ ಜಾರಿದಾಗ ಕೋವಿ ಕೆಳಗೆ ಬಡಿದು ಬಾಯಿಯ ಬೆಸುಗೆ ಬಿಟ್ಟುಕೊಂಡಿತ್ತು. ಅದನ್ನು ಅಂಗಡಿಯ ಮುಂಭಾಗದ ಮೇಜಿನ ಮೇಲೆ ಇಡುವಾಗಲೇ ಅವರು ಒಂದು ಮಾತು ಹೇಳಿದ್ದರು. ಆಗದಿದ್ದರೆ ಆಗುವುದಿಲ್ಲ ಅನ್ನಿ, ಬೇಸರವಿಲ್ಲ, ಅರ್ಧಂಬರ್ಧ ಮಾಡಿ ಮಾತ್ರ ಕೈಗೆ ಕೊಡಬೇಡಿ. ಭಾವ ಎದೆ ಮುಟ್ಟಿಕೊಂಡು, ನಾನು ಹೊಡೆದು ನೋಡದೆ ಯಾವ ಕೋವಿಯೂ ಈ ಹೊಸಿಲು ದಾಟುವುದಿಲ್ಲ ಎಂದಿದ್ದರು. ಆ ಒಂದು ಮಾತನ್ನು ನಂಬಿ ಜನ ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ಬೆಸುಗೆಯನ್ನು ಕೇಳಿಕೊಂಡು ಬಂದವರು ಯಾರೂ ಇಲ್ಲ.

ಆದರೆ ಕೋವಿ ಹದಕ್ಕೆ ಬರಲೊಲ್ಲದು. ದಾಟಿದೆ ಅಂತ ಬೆಣೆ ತಳ್ಳಿದರೆ ಮರುದಿನ ಅಗಲಿರುತ್ತಿತ್ತು, ಅಗಲಿದೆ ಅಂತ ಎಳೆದರೆ ಕೆಲವು ಸಲ ತಳ್ಳಿದ ಹಾಗೆ ಇನ್ನೂ ಅಗಲುತ್ತಿತ್ತು. ತೋಟಾಗಳನ್ನು ಒಂದೇ ಡಬ್ಬಿಯಿಂದ ಕೊಟ್ಟೆ. ಬೆಳಗ್ಗೆ ಹೊಡೆಸಿದೆ, ಬಿಸಿಲೇರಿದ ಮೇಲೆ ಹೊಡೆಸಿದೆ. ಕನ್ನಡಕ ಒರೆಸಿಕೊಂಡು ಬೆಣೆಯ ಅಂಚನ್ನು ಅರದಿಂದ ಮತ್ತೆ ಮತ್ತೆ ತೀಡಿದೆ. ಪ್ರತಿ ಸಲ ಕಾಯಿಸಿದಾಗಲೂ ನಳಿಗೆಗಳನ್ನು ಉದ್ದಕ್ಕೂ ಹಿಡಿದಿರುವ ಪಟ್ಟಿಯ ಬೆಸುಗೆ ಒಂದಿಷ್ಟು ಸೊರಗುತ್ತದೆ. ಅದು ಪೂರಾ ಬಿಟ್ಟುಕೊಂಡರೆ ಕೋವಿ ಕೋವಿಯಾಗಿ ಉಳಿಯುವುದಿಲ್ಲ. ಬೆಸುಗೆ ಕಾಯಿಸುವ ಬ್ಲೋಲ್ಯಾಂಪ್ ಹೊತ್ತಿಸುವಾಗ ನನ್ನ ಕೈ ಹಿಂದೆ ಸರಿಯಲು ಶುರುಮಾಡಿತ್ತು.

ಭಾವನ ಬಾಯಿ ಬೇರೆ ಸುಮ್ಮನಿರುತ್ತಿರಲಿಲ್ಲ. ಬಾಗಿಲ ಹೊರಗೇ ನಿಂತು ರಟ್ಟನ್ನು ಚಾಚಿ, "ನಿನ್ನ ಬೆಣೆ ಅವಸರದ ನೆಂಟ ಕಣೋ ಬಾಮೈದ. ಬಂದು ಕೂತ ಅನ್ನೋಷ್ಟರಲ್ಲಿ ಚಪ್ಪಲಿ ಹುಡುಕ್ತಿರ್ತಾನೆ" ಎಂದರು. ಬೇರೆ ದಿನವಾಗಿದ್ದರೆ ನಾನೂ ತಿರುಗಿ ಒಂದು ಮಾತು ಹಾಕುತ್ತಿದ್ದೆ. ಆ ದಿನ ಅರವನ್ನು ಮೇಜಿನ ಮೇಲೆ ಕುಕ್ಕಿದೆ. ಅದು ಉರುಳಿ ನೆಲಕ್ಕೆ ಬಿದ್ದು ತುದಿ ಮುರಿಯಿತು. ಭಾವನ ಅಪ್ಪ ಕೊಟ್ಟಿದ್ದ ಅರ. ಭಾವ ಅದನ್ನು ನೋಡಿದರು, ನನ್ನನ್ನು ನೋಡಿದರು, ಇನ್ನೊಮ್ಮೆ ಹೊಡೆದು ನೋಡಲು ಕೋವಿಯೊಡನೆ ಗಣಿಗೆ ಹೊರಟುಹೋದರು. ಕೈಗೆ ವಯಸ್ಸಾಯಿತು, ಇನ್ನು ಬೆಸುಗೆ ಬಿಡುವುದೇ ಲೇಸು ಎಂದು ನಾನು ಆ ಮುರಿದ ತುದಿಯನ್ನು ಹಿಡಿದುಕೊಂಡೇ ಕೂತೆ.

ಅಂಗಡಿಯ ಹಿಂಬಾಗಿಲು ಮನೆಯ ಹಿತ್ತಿಲಿಗೆ ತೆರೆಯುತ್ತದೆ. ಅಕ್ಕ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನನ್ನ ಮುಖ ನೋಡಿದವಳೇ ಕೈ ಒರೆಸಿಕೊಂಡು ಹೋಗಿ ಚಹಾ ತಂದುಕೊಟ್ಟಳು. ನನ್ನನ್ನು ಹಗುರ ಮಾಡಬೇಕೆನಿಸಿದಾಗ ಗಂಡನ ಸುದ್ದಿ ಎತ್ತಿ ನಗಿಸುವುದು ಅವಳ ಹಳೆಯ ದಾರಿ. ಒಂದು ಅಂಗಿಯನ್ನು ಎರಡು ಕೈಯಲ್ಲಿ ಹರವಿ ಹಿಡಿದಳು.

"ನಿಮ್ಮ ಭಾವ ಮುದುಕರಾದ ಮೇಲೆ ಚೊಕ್ಕ ಆಗಿದಾರೆ ನೋಡೋ. ಮದುವೆ ಆದಾಗಿಂದ ಈ ಬಲಭುಜದ ಎಣ್ಣೆ ಕಲೆ ಉಜ್ಜಿ ಉಜ್ಜಿ ನನ್ನ ಬೆರಳು ಸವೆದಿತ್ತು. ಈಗೀಗ ಒಂದು ಅಂಗಿಗೂ ಕಲೆ ಇಲ್ಲ."

ನಾನು ನಕ್ಕೆ. ಆಮೇಲೆ ಲೋಟ ಬಾಯಿಯ ಹತ್ತಿರವೇ ನಿಂತಿತು. ಕೋವಿಯ ಬುಡದ ಮರಕ್ಕೆ ಅಗಸೆ ಎಣ್ಣೆ ಉಜ್ಜಿ ಕೊಡುವವನು ನಾನೇ. ಅವತ್ತು ಬೆಳಗ್ಗೆಯೂ ಉಜ್ಜಿದ್ದೆ. ಆ ಮರವನ್ನು ಭುಜಕ್ಕೆ ಒತ್ತಿ ಹೊಡೆದವನ ಅಂಗಿಗೆ ಕಲೆ ಆಗದೆ ಇರುವುದು ಹೇಗೆ? ಕೂತಲ್ಲೇ ಒಂದೊಂದೇ ನೆನಪಾಯಿತು. ಭಾವ ರಟ್ಟನ್ನು ಎಡಗೈಯಲ್ಲಿ ಚಾಚುತ್ತಿದ್ದುದು. ಊಟಕ್ಕೆ ಕೂತಾಗ ನೀರಿನ ಚೊಂಬನ್ನು ನನ್ನ ಕಡೆ ಸರಿಸಿ ಬಗ್ಗಿಸು ಅನ್ನುತ್ತಿದ್ದುದು. ಮೇಲಿನ ಮೊಳೆಯಲ್ಲಿ ನೇತುಹಾಕುತ್ತಿದ್ದ ಟೋಪಿಯನ್ನು ಈಗ ಬೆಂಚಿನ ಮೇಲೆ ಇಡುತ್ತಿದ್ದುದು. ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಗಣಿಯ ದಾರಿ ಗೊತ್ತಿತ್ತು, ಗಣಿಯ ಒಳಗು ಗೊತ್ತಿರಲಿಲ್ಲ. ಅಷ್ಟು ವರ್ಷ ಅದರ ಸದ್ದನ್ನು ಕೇಳಿದವನು ಮೊದಲ ಸಲ ಅದರ ನೆಲ ಕಂಡೆ. ಭಾವ ನನಗೆ ಬೆನ್ನು ಹಾಕಿ ಕೂತಿದ್ದರು. ಮುಂದೆ ಒಂದು ಮರದ ಗೂಟ, ಗೂಟಕ್ಕೆ ಹಗ್ಗದಲ್ಲಿ ಬಿಗಿದ ಗೋಣಿಚೀಲ, ಚೀಲದ ತುಂಬ ಮರದ ಹೊಟ್ಟು. ಕೋವಿಯ ಬುಡ ಆ ಚೀಲಕ್ಕೆ ಒತ್ತಿಕೊಂಡಿತ್ತು, ಮುಂಭಾಗವನ್ನು ಕಲ್ಲಿನ ಮೇಲಿಟ್ಟು ಕಟ್ಟಿದ್ದರು. ಭಾವ ಪಕ್ಕದಿಂದ ಕಣ್ಣಿಟ್ಟು ಗುರಿ ನೋಡಿ ಎಡಗೈಯಲ್ಲಿ ಟ್ರಿಗರ್ ಎಳೆದರು. ಬಲ ಸಿಡಿಯಿತು. ಚೀಲ ತಗ್ಗಿತು. ಅದನ್ನು ಮೊಣಕಾಲಿನಿಂದ ಒತ್ತಿ ಹಗ್ಗ ಬಿಗಿದು ಎಡದ್ದನ್ನು ಹೊಡೆದರು.

ಕಟ್ಟಿಹಾಕಿದ ಕೋವಿ ಹೊರಳುವುದಿಲ್ಲ. ಹೊರಳಿದರೂ ಚೀಲ ಎಷ್ಟು ಬಿಟ್ಟುಕೊಡುತ್ತದೋ ಅಷ್ಟು ಮಾತ್ರ, ಅದೂ ದಿನಕ್ಕೊಂದು ಥರ. ಇಷ್ಟು ದಿನ ನಾನು ಬೆಣೆ ತೀಡಿದ್ದು ಒಂದು ಹೊಟ್ಟಿನ ಮೂಟೆಯ ಮರ್ಜಿಗೆ. ಇದು ಯಾರಿಗೆ ತಿಳಿಯದಿದ್ದರೂ ಭಾವನಿಗೆ ತಿಳಿದಿತ್ತು. ಕೋವಿಯನ್ನು ಕಟ್ಟಿ ಹೊಡೆಯುವವನ ಕೈಗೆ ಕೋವಿ ಕೊಡಬೇಡ ಎಂದು ಒಮ್ಮೆ ನನಗೆ ಹೇಳಿಕೊಟ್ಟವರೇ ಅವರು.

ಭಾವ ತಿರುಗಿ ನನ್ನನ್ನು ಕಂಡರು. ಸಿಕ್ಕಿಬಿದ್ದ ಮುಖ ಅಲ್ಲ ಅದು, ಸಿಟ್ಟಿನ ಮುಖ.

"ಕಟ್ಟಳೆ ಮುರಿದೆಯಲ್ಲೋ."

"ಮೂಟೆ ಕಟ್ಟಳೇಲಿ ಇತ್ತಾ ಭಾವ?"

ಅವರು ಕಲ್ಲಿನ ಮೇಲೆ ಕೂತು ನಿಧಾನವಾಗಿ ಹೇಳಿದರು. ರೇಂಜರ್ ಕೋವಿ ಕೊಟ್ಟುಹೋದ ಮೇಲೆ ಅಕ್ಕನಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಕೊಡಲು ಸ್ಟೂಲು ಹತ್ತಿದ್ದರಂತೆ, ಜಾರಿ ಭುಜದ ಮೇಲೆ ಬಿದ್ದರಂತೆ. ಉಳುಕು ಅಂತ ಅವಳಿಗೆ ಹೇಳಿ ಎಣ್ಣೆ ತಿಕ್ಕಿಸಿಕೊಂಡರು. ಗಣಿಗೆ ಬಂದು ಒಂದು ಹಳೇ ಕೋವಿಯನ್ನು ಹೊಡೆದು ನೋಡಿದಾಗ ಕಣ್ಣು ಕತ್ತಲಿಟ್ಟಿತು. ಕೊರಳೆಲುಬು ಬಿರುಕು ಬಿಟ್ಟಿದೆ, ಇನ್ನು ಒದೆತ ತಾಳುವುದಿಲ್ಲ ಎಂದರಂತೆ ಡಾಕ್ಟರು. ಅಲ್ಲಿಂದ ಬಂದು ಈ ಮೂಟೆ ಹೊಲಿಸಿದರು.

ನನಗೆ ಸಿಟ್ಟು ಬಂದದ್ದು ಆ ಭುಜಕ್ಕಾಗಿ ಅಲ್ಲ. ಕಾಯಿಸಿದ ಬೆಸುಗೆ, ಸೊರಗಿದ ಪಟ್ಟಿ, ಮುರಿದ ಅರ, ನನ್ನ ಕೈಗೆ ವಯಸ್ಸಾಯಿತು ಎಂದು ನಾನೇ ನಂಬಿಕೊಂಡಿದ್ದು, ಈ ಎಲ್ಲಕ್ಕಾಗಿ. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಹೇಳಿದ ಮೇಲೆ ನಾನು ಯಾರು?" ಎಂದರು ಭಾವ. "ನಿನಗೆ ಬೆಸುಗೆ ಇದೆ. ನನಗೆ ಬರೋದು ಇದೊಂದೇ. ಬಾಗಿಲಲ್ಲಿ ಕೂತು ಬಂದವರಿಗೆ ಬೆಂಚು ತೋರಿಸ್ಲಾ?"

ನಾನು ಗುರಿಯ ಕಡೆ ತಿರುಗಿದೆ. ರಟ್ಟನ್ನು ಬಿಚ್ಚಿಕೊಂಡು ಬರಲು ಹೋದೆ. ಹೋದವನು ಅಲ್ಲೇ ನಿಂತೆ. ಎರಡು ತೂತುಗಳು ಒಂದು ಅಂಗಿಯ ಎರಡು ಗುಂಡಿಗಳ ಹಾಗೆ ಪಕ್ಕಪಕ್ಕ ಕೂತಿದ್ದವು. ಇಷ್ಟು ದಿನ ಬೇಡಿಕೊಂಡಾಗ ಬಾರದ್ದು, ಇನ್ನು ಬೇಡ ಅನ್ನುವ ದಿನ ಬಂದಿತ್ತು. ಅದನ್ನು ಭಾವನೂ ನೋಡಿದರು. ಕೋವಿ ಹೊತ್ತು ನಾನು ಮುಂದೆ ನಡೆದೆ. ರಟ್ಟು ಅವರ ಎಡಗೈಯಲ್ಲೇ ಇತ್ತು.

ಮರುದಿನ ಬೆಳಗ್ಗೆ ರೇಂಜರ್ ಬಂದರು. ರಟ್ಟು ಮುಂಭಾಗದ ಮೇಜಿನ ಮೇಲೆ, ಕೋವಿಯ ಪಕ್ಕ ಇತ್ತು. ನಾನು ಇಟ್ಟಿದ್ದಲ್ಲ. ಅವರು ಅದನ್ನು ಎತ್ತಿ ಎರಡು ತೂತುಗಳ ಮೇಲೆ ಎರಡು ಬೆರಳಿಟ್ಟು ನೋಡಿ, ಬಂದಾಗಿನಿಂದ ಬಿಗಿಯಾಗಿದ್ದ ಮುಖವನ್ನು ಸಡಿಲಿಸಿದರು. ನಿಮ್ಮ ಬಗ್ಗೆ ಕೇಳಿದ್ದು ಸುಳ್ಳಲ್ಲ ಎಂದು ಭಾವನಿಗೆ ಹೇಳಿ ಕೋವಿಗೆ ಕೈ ಚಾಚಿದರು. ನಾನು ಮುರಿದ ಅರವನ್ನು ನೋಡುತ್ತ ಕೂತೆ. ಬಾಯಿ ತೆರೆದರೆ ಭಾವನ ಮರ್ಯಾದೆಯನ್ನು ನಾನೇ ತೆಗೆದ ಹಾಗೆ, ತೆರೆಯದಿದ್ದರೆ ಈ ಮನುಷ್ಯ ಇದನ್ನು ಹಿಡಿದು ಪೊದೆಗೆ ಇಳಿಯುತ್ತಾನೆ. ಇನ್ನು ಹೇಳಿಬಿಡುವುದೇ ಸರಿ ಎಂದು ಏಳುವಷ್ಟರಲ್ಲಿ ಭಾವ ಕೋವಿಯ ಮೇಲೆ ಅಂಗೈ ಊರಿದರು.

"ಸಾಹೇಬ್ರೆ, ಆ ರಟ್ಟನ್ನ ನಂಬಬೇಡಿ. ಅದು ಮೂಟೆ ಹೊಡೆದಿದ್ದು."

ರೇಂಜರಿಗೆ ಅರ್ಥವಾಗಲಿಲ್ಲ.

"ನನ್ನ ಭುಜ ಹೋಯ್ತು. ಮೂಟೆಗೆ ಕಟ್ಟಿ ಹೊಡೆದೆ. ಇವನಿಗೂ ಹೇಳದೆ. ಇವನ ಕೆಲಸದಲ್ಲಿ ಏನೂ ಐಬಿಲ್ಲ."

ರೇಂಜರ್ ರಟ್ಟನ್ನು ಕೆಳಗಿಟ್ಟು, ಈ ಮೊದಲು ನೀವು ಕೊಟ್ಟ ಕೋವಿಗಳು ಹೇಗೆ ಎಂದು ಕೇಳಿದರು. ಅವೆಲ್ಲ ನನ್ನ ಭುಜದವು ಎಂದರು ಭಾವ. ಇದನ್ನು ನೀವೇ ಹೊಡೆಯಬೇಕು, ಹೊರುವವರೂ ನೀವೇ ತಾನೆ ಎಂದರು. ರೇಂಜರಿಗೆ ಸಿಟ್ಟು ಬಂದದ್ದು ಕಿವಿಯ ಬಣ್ಣದಲ್ಲಿ ಕಂಡಿತು. ಆದರೂ ತೋಟಾದ ಡಬ್ಬಿಯನ್ನು ತಾವೇ ಎತ್ತಿಕೊಂಡರು.

ಬ್ಲೋಲ್ಯಾಂಪ್, ಬೆಸುಗೆಗೆ ಹಚ್ಚುವ ಆಸಿಡ್ ಬಾಟಲಿ, ಬೆಣೆ, ನಳಿಗೆ ಬಿಗಿಯುವ ತಂತಿ ಎಲ್ಲವನ್ನೂ ಗಣಿಗೇ ಹೊತ್ತುಕೊಂಡು ಹೋದೆವು. ರೇಂಜರ್ ನಿಂತು ಹೊಡೆದರು. ಬಲದ್ದು ಬಲಕ್ಕೆ ಒಂದು ಗೇಣು, ಎಡದ್ದು ಎಡಕ್ಕೆ ಒಂದು ಗೇಣು. ಮೂಟೆಯ ಮಾತು ಕೇಳಿ ನಾನು ಬಾಯಿಗಳನ್ನು ಅಷ್ಟು ಅಗಲಿಸಿದ್ದೆ. ಕಾಯಿಸಿದೆ, ಬೆಣೆ ಎಳೆದೆ. ಗಾಳಿಗೆ ಜ್ವಾಲೆ ನಿಲ್ಲದು. ಭಾವ ಟೋಪಿ ಅಡ್ಡ ಹಿಡಿದರು, ಟೋಪಿ ಹೊಗೆಯಾಡಿತು. ಎರಡನೆಯ ಸಲ ಕಾಯಿಸುವಾಗ ಪಟ್ಟಿಯ ತುದಿ ಉಗುರಿನಷ್ಟು ಮೇಲೆದ್ದಿತು. ನನ್ನ ಜೀವವೇ ಎದ್ದ ಹಾಗಾಯಿತು. ಭಾವ ಕೇಳದೆಯೇ ಮೊಣಕಾಲೂರಿ, ಎಡಗೈಯಲ್ಲಿ ತಂತಿ ಸುತ್ತಿ ಎಳೆದು ಹಿಡಿದರು. ಬಿಡಬೇಡಿ ಅಂದೆ. ಬಿಟ್ಟಿಲ್ಲ, ನೀನು ಆಸಿಡ್ ಹಚ್ಚು ಅಂದರು. ನಾವಿಬ್ಬರೂ ಒಂದೇ ಬೆಸುಗೆಯ ಮೇಲೆ ಬಗ್ಗಿದ್ದು ಅದೇ ಮೊದಲು. ಅವರ ಉಸಿರು ನನ್ನ ಕನ್ನಡಕವನ್ನು ಮಬ್ಬು ಮಾಡುತ್ತಿತ್ತು, ಅದಕ್ಕೂ ರೇಗಿತು.

ಬಿಸಿಲು ಇಳಿಯುವ ಹೊತ್ತಿಗೆ ಎರಡು ತೂತುಗಳು ಒಂದು ಅಂಗೈಯೊಳಗೆ ಬಂದವು. ಎಡದ್ದು ಇನ್ನೂ ಸ್ವಲ್ಪ ಕೆಳಗಿತ್ತು. ಇನ್ನೊಂದು ಸಲ ಕಾಯಿಸೋಣ ಅಂದೆ. ರೇಂಜರ್ ಅಂಗಿಯ ಕಾಲರು ಸರಿಸಿ ಭುಜ ತೋರಿಸಿದರು, ನೀಲಿಗಟ್ಟಿತ್ತು.

"ಬಿಡೋ ಬಾಮೈದ," ಎಂದರು ಭಾವ. "ಒಂದು ಭುಜ ಮುರಿದಿದ್ದು ಸಾಲದಾ?"

ರೇಂಜರ್ ಅಂಗೈಯನ್ನು ಇನ್ನೊಮ್ಮೆ ತೂತುಗಳ ಮೇಲಿಟ್ಟು ನೋಡಿ, ಪೊದೆಯಲ್ಲಿ ಇಷ್ಟು ಸಾಕು, ಇದನ್ನು ಹೊಡೆದದ್ದು ನನ್ನದೇ ಭುಜ ಎಂದು ನನಗೆ ಗೊತ್ತಿದೆ ಎಂದರು. ಕೋವಿ ಅವರೊಡನೆ ಹೋಯಿತು. ಎಡದ ಆ ತೂತು ಮಾತ್ರ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಆ ವಾರ ಅಕ್ಕ ಒಗೆಯುವ ಕಲ್ಲಿನಿಂದಲೇ ನನ್ನನ್ನು ಕೂಗಿ ಕರೆದಳು. ಭಾವನ ಅಂಗಿಯ ಎದೆಯ ಮೇಲೆ ಆಸಿಡ್ ಸಿಡಿದು ಸಣ್ಣ ಸಣ್ಣ ತೂತುಗಳಾಗಿದ್ದವು. ಎಣ್ಣೆಯಾದರೆ ಉಜ್ಜಬಹುದು, ಇದಕ್ಕೆ ಏನು ಮಾಡಲಿ, ವಯಸ್ಸಾದವರನ್ನು ನಿನ್ನ ಕೆಲಸಕ್ಕೆ ಯಾಕೆ ಎಳೆದೆ ಎಂದು ನನ್ನನ್ನೇ ಬೈದಳು. ಒಳಗೆ ಬೆಸುಗೆಯ ಮೇಜಿನ ಹತ್ತಿರ ಭಾವ ಒಂದು ಹಳೇ ನಳಿಗೆಯನ್ನು ವೈಸ್ ಇಕ್ಕಳಕ್ಕೆ ಕಚ್ಚಿಸಿಕೊಂಡು, ತಂತಿಯನ್ನು ತಪ್ಪಾಗಿ ಸುತ್ತುತ್ತ ನನಗಾಗಿ ಕಾಯುತ್ತಿದ್ದರು.