ಯಾರ ಕೊರಳಪಟ್ಟಿ ಹಿಡಿಯಲಿ

ಮಣ್ಣು ಬೆಚ್ಚಗಿದೆ, ಬೆಳಗಿನಿಂದ ಬಿಸಿಲಿಗೆ ಬಿದ್ದಿತ್ತಲ್ಲ, ಚಿಪ್ಪಿನ ಚೂರೊಂದು ಅಂಗೈಗೆ ಚುಚ್ಚುತ್ತಿದೆ, ಹೊನ್ನಾವರದ ಈ ಇಗರ್ಜಿಯ ಹಿಂದಿನ ಸಮಾಧಿ ಜಾಗದಲ್ಲಿ ಎಲ್ಲಿ ಅಗೆದರೂ ಚಿಪ್ಪು — ನನ್ನ ಪಾಲಿನ ಹಿಡಿ ಹಾಕಿಯಾಯಿತು, ಇದು ಅಕ್ಕನದು, ಕೆಳಗಿನ ಪೆಟ್ಟಿಗೆಯೊಳಗೆ ಅವಳ ಮಗು, ಅದರ ಮುಷ್ಟಿ ನನ್ನ ಹೆಬ್ಬೆರಳಿನಷ್ಟೂ ಇರಲಿಲ್ಲ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಎಮಿಲಿ ಅಕ್ಕ ಹಾಸಿಗೆಯಿಂದಲೇ ಹೇಳಿದಳು, ನಂದೂ ಒಂದು ಹಿಡಿ ನೀನೇ ಹಾಕು ಇನಾಸ, ಹಾಂಗೇ ಕೇಳ್ಕಂಡು ಬಾ, ನನ್ನಿಂದ ಎಂತ ತಪ್ಪಾತು ಅಂತ. ಯಾರನ್ನು ಕೇಳಲಿ, ಡಾಕ್ಟರರನ್ನು ಕೇಳಿದೆ, ಹೃದಯದ ಗೋಡೆ ಕೂಡಲಿಲ್ಲ, ತೂತು ಉಳೀತು, ಯಾರ ತಪ್ಪೂ ಅಲ್ಲ, ಪ್ರಕೃತಿ ಅಷ್ಟೆ, ಈ ಮಗೂಗೇ ಯಾಕೆ ಅಂದರೆ ಅದನ್ನ ಫಾದರ್ ಹತ್ರ ಕೇಳಪ್ಪ. ಫಾದರ್ ಹತ್ತಿರ ಹೋದೆ, ತಾಯಿಯ ಗರ್ಭದಲ್ಲಿ ದೇವರೇ ರೂಪಿಸಿದ ಮಗು, ಅವನ ಕೈಕೆಲಸ, ಹಾಗಾದ್ರೆ ತೂತೂ ಅವಂದೇ ಕೈಕೆಲಸನ ಫಾದರ್ ಅಂದರೆ ಅದು ಡಾಕ್ಟರರಿಗೆ ಗೊತ್ತು ಮಗಾ — ತಾಲೂಕು ಆಫೀಸಿನ ಹಾಗೆ, ಈ ಕಿಟಕಿ ಅಲ್ಲ, ಆಚೆ ಕಿಟಕಿ. ಭಾನುವಾರದ ಪೂಜೆಯಲ್ಲಿ ಫಾದರ್ ಪ್ರಸಾದ ಕೊಡುತ್ತಾರೆ, ಡಾಕ್ಟರರು ಅದಕ್ಕೆ ನಾಲಿಗೆ ಚಾಚುತ್ತಾರೆ, ಅವರಿಬ್ಬರ ನಡುವೆ ಜಗಳವೇ ಇಲ್ಲ, ಜಗಳವನ್ನೆಲ್ಲ ನನಗೆ ಬಿಟ್ಟಿದ್ದಾರೆ. ಎಂಟನೇ ಕ್ಲಾಸಿನಲ್ಲೂ ಹೀಗೇ, ಮಾಸ್ತರರು ಮೀನಿನಿಂದ ಮನುಷ್ಯ ಅಂದರು, ಧರ್ಮಪಾಠದಲ್ಲಿ ಸಿಸ್ಟರ್ ಮಣ್ಣಿನಿಂದ ಮನುಷ್ಯ ಅಂದರು, ಯಾವುದು ಖರೆ ಎಂದು ಕೇಳಿದ್ದಕ್ಕೆ ಎರಡೂ ಕಡೆ ಬೆತ್ತ, ಶಾಲೆ ಬಿಟ್ಟೆ, ತದಡಿಯಲ್ಲಿ ದೋಣಿ ಕಟ್ಟುವ ಶೆಡ್ಡು ಸೇರಿದೆ, ಅಲ್ಲಿ ಹಾಗಿಲ್ಲ, ನಾನು ಮಾಡಿದ ಫೈಬರ್ ದೋಣಿಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ದೋಣಿಯವನು ಬಂದು ಕೊರಳಪಟ್ಟಿ ಹಿಡಿಯುತ್ತಾನೆ, ಎಂತ ಮಾಡಿಟ್ಟಿದ್ಯೋ ಇದು, ಹಿಡಿಯಲಿ, ಹಿಡಿಯುವುದಕ್ಕೆ ಅವನಿಗೊಂದು ಕೊರಳಪಟ್ಟಿಯಾದರೂ ಇದೆ. ಮಾಡಿದವನು ಇದ್ದರೆ ಇಲ್ಲಿ ಇಳಿದು ಬರಲಿ, ಯಾರೂ ಮಾಡಿದ್ದಲ್ಲ ಎಂದಾದರೆ ಅಕ್ಕನ ತಪ್ಪೂ ಇಲ್ಲ, ಅಷ್ಟನ್ನು ಹೇಳಬಹುದು ಅವಳಿಗೆ, ಹಾಗಾದ್ರೆ ನನ್ನ ಮಗು ಈಗ ಎಲ್ಲಿದೆ ಅನ್ನುತ್ತಾಳೆ, ಎಲ್ಲೂ ಇಲ್ಲ ಅನ್ನಲೇ, ಒಂದನ್ನು ಕೊಟ್ಟರೆ ಇನ್ನೊಂದನ್ನು ಕಿತ್ತುಕೊಳ್ಳಬೇಕು — ಮಣ್ಣಿನಿಂದ ಬಂದದ್ದು ಮಣ್ಣಿಗೆ, ಅನ್ನುತ್ತ ಫಾದರ್ ನನ್ನತ್ತಲೇ ನೋಡುತ್ತಿದ್ದಾರೆ, ಶೆಡ್ಡಿನಿಂದ ಜೊತೆಗೆ ಬಂದ ಪಾಂಡು ಮೊಣಕೈಯಿಂದ ತಿವಿಯುತ್ತಾನೆ, ಹಾಕು ಮಾರಾಯ, ಎಲ್ಲರದ್ದೂ ಆತು, ಮಣ್ಣು ಹಿಡ್ಕಂಡೇ ಮನೆಗೆ ಹೋಗ್ತ್ಯ ಎಂತ. ಹಾಕುತ್ತೇನೆ, ಬೆರಳು ಬಿಡಿಸಿದರೆ ಆಯಿತು, ಬಿಡಿಸಬೇಕು ಅಷ್ಟೆ, ಆಸ್ಪತ್ರೆಯಲ್ಲಿ ಮಗುವನ್ನಿಟ್ಟ ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಲು ನರ್ಸ್ ಬಿಟ್ಟಿದ್ದರು, ಮಗು ನನ್ನ ಬೆರಳು ಹಿಡಿದಿತ್ತು, ಕಣ್ಣೂ ಬಿಡದೆ ಹಿಡಿದಿತ್ತು, ಉಗುರು ನೀಲಿ, ಐದೂ ಬೆರಳು ಸರಿಯಾಗಿದ್ದವು, ಒಂದರಲ್ಲೂ ತಪ್ಪಿಲ್ಲ, ಬಿಡಿಸಹೋದರೆ ಇನ್ನೂ ಬಿಗಿ — ಆ ಮುಷ್ಟಿ, ನನ್ನ ಬೆರಳ ಸುತ್ತ, ಆ ನೀಲಿ ಮುಷ್ಟಿ